ಸಾಲಿನ ಮೊದಲ ಅಕ್ಷರ: ಒಂದು ಪ್ರಕರಣ ಅಧ್ಯಯನ

ಪಾರ್ಶ್ವವಾಯುವಿನ ನಂತರ ಎಡಗಡೆಯ ಲೋಕವೇ ಗಮನಕ್ಕೆ ಸಿಗದೆ ಹೋದ ಒಬ್ಬರ ಚಿಕಿತ್ಸೆಯ ಕಥೆ ಇದು. ಈ ಬರಹದಲ್ಲಿ ಬರುವ ಆ ವ್ಯಕ್ತಿಯನ್ನು ‘ಕ’ ಎಂದು ಕರೆಯುತ್ತೇನೆ. ಅವರ ವಯಸ್ಸು, ಮನೆಯವರ ವಿವರ, ಕಾಲ ಎಲ್ಲವನ್ನೂ ಗುರುತು ಸಿಗದಂತೆ ಬದಲಿಸಿದ್ದೇನೆ. ಒಂದೆರಡು ಕಡೆ ಇದೇ ತೊಂದರೆಯಿಂದ ಬಳಲಿದ ಬೇರೆಯವರ ವಿವರಗಳೂ ಬೆರೆತಿವೆ. ಹಾಗೆಯೇ ಉಳಿಸಿಕೊಂಡದ್ದು ಎರಡನ್ನು: ಅವರ ವೃತ್ತಿ ಮತ್ತು ನಾವು ಮಾಡಿದ ತಪ್ಪುಗಳು. ವೃತ್ತಿಯನ್ನು ಬದಲಿಸಿದರೆ ಚಿಕಿತ್ಸೆ ತಿರುವು ಪಡೆದದ್ದು ಹೇಗೆಂದು ಹೇಳಲಾಗದು. ತಪ್ಪುಗಳನ್ನು ಬಿಟ್ಟರೆ ಇದನ್ನು ಬರೆದು ಪ್ರಯೋಜನವಿಲ್ಲ.

ಹಿನ್ನೆಲೆ

ಕ ಅವರು ಅರವತ್ತು ದಾಟಿದವರು, ಬಲಗೈ ಬಳಸುವವರು. ಬದುಕಿನ ಬಹುಪಾಲನ್ನು ಮುದ್ರಣಾಲಯಗಳಲ್ಲಿ ಕರಡು ತಿದ್ದುತ್ತ ಕಳೆದವರು. ಅಚ್ಚುಮೊಳೆ ಜೋಡಿಸುವ ಕಾಲದಲ್ಲಿ ಕೆಲಸಕ್ಕೆ ಸೇರಿ, ಕಂಪ್ಯೂಟರಿನ ಕಾಲದಲ್ಲಿ ನಿವೃತ್ತರಾದವರು. ಆಮೇಲೂ ಪರಿಚಿತರ ಪುಸ್ತಕಗಳ ಕರಡು ಅವರ ಮೇಜಿನ ಮೇಲೆ ಇದ್ದೇ ಇರುತ್ತಿತ್ತು. ಒತ್ತು ತಪ್ಪಿದ ಅಕ್ಷರ, ಎರಡು ಪದಗಳ ನಡುವೆ ಹೆಚ್ಚಾದ ಜಾಗ, ಬಿಟ್ಟುಹೋದ ಅರ್ಧವಿರಾಮ ಇವೆಲ್ಲ ಅವರ ಕಣ್ಣಿಗೆ ತಾನಾಗಿ ಚುಚ್ಚುತ್ತಿದ್ದವು ಎಂದು ಮಗಳು ಹೇಳಿದರು.

ಒಂದು ಬೆಳಗ್ಗೆ ಏಳುವಾಗ ಎಡಗೈ ಎತ್ತಲಾಗಲಿಲ್ಲ. ಪಾರ್ಶ್ವವಾಯು. ಮೆದುಳಿನ ಬಲ ಅರ್ಧಗೋಳಕ್ಕೆ ರಕ್ತ ಒದಗಿಸುವ ಮಧ್ಯ ಸೆರೆಬ್ರಲ್ ಅಪಧಮನಿಯ ಕವಲೊಂದು ಕಟ್ಟಿಕೊಂಡಿತ್ತು. ಮೆದುಳಿನ ಮೇಲ್ಭಾಗದ ಪೆರೈಟಲ್ ಹಾಲೆಯೂ ಕಿವಿಯ ಬಳಿಯ ಟೆಂಪೊರಲ್ ಹಾಲೆಯೂ ಕೂಡುವ ಜಾಗದ ಸುತ್ತ ಹಾನಿಯಾಗಿರುವುದು ಎಂಆರ್‌ಐಯಲ್ಲಿ ಕಾಣಿಸಿತು. ಮಾತಿಗೆ ಏನೂ ಆಗಿರಲಿಲ್ಲ, ನೆನಪು ಗಟ್ಟಿಯಾಗಿತ್ತು. ಎರಡು ವಾರದಲ್ಲಿ ಕಾಲಿಗೆ ಬಲ ಬಂದು ಆಸರೆ ಹಿಡಿದು ನಡೆಯತೊಡಗಿದರು. ಎಡಗೈಯಲ್ಲಿ ಬೆರಳುಗಳ ಸಣ್ಣ ಚಲನೆ ಉಳಿದಿತ್ತು. ಒಳ್ಳೆಯ ಚೇತರಿಕೆ ಎಂದು ಬರೆದು ಆಸ್ಪತ್ರೆ ಅವರನ್ನು ಮನೆಗೆ ಕಳುಹಿಸಿತು.

ಸಮಸ್ಯೆ

ನನ್ನ ಬಳಿಗೆ ಬಂದಾಗ ನಾಲ್ಕನೆಯ ವಾರ. ಚೀಟಿಯಲ್ಲಿ ಬರೆದಿದ್ದದ್ದು ಇಷ್ಟು: ಓದಲಾಗುತ್ತಿಲ್ಲ, ಸ್ವಭಾವ ಬದಲಾಗಿದೆ, ಖಿನ್ನತೆ ಇರಬಹುದೇ ನೋಡಿ.

ಓದಲಾಗುತ್ತಿಲ್ಲವೆಂದು ಅದಕ್ಕೂ ಮೊದಲೇ ಕಣ್ಣಿನ ಪರೀಕ್ಷೆ ಆಗಿತ್ತು. ಫಲಕದ ಪ್ರತಿ ಸಾಲಿನಲ್ಲೂ ಕೊನೆಯ ಎರಡು ಮೂರು ಅಕ್ಷರಗಳನ್ನಷ್ಟೇ ಓದಿದ್ದರಂತೆ. ಅಲ್ಲಿದ್ದವರು ಅದನ್ನು ದೃಷ್ಟಿ ಮಂದವಾದ ಲಕ್ಷಣ ಎಂದುಕೊಂಡು ಹೊಸ ಕನ್ನಡಕ ಕೊಟ್ಟಿದ್ದರು. ಕನ್ನಡಕದಿಂದ ಏನೂ ಬದಲಾಗಲಿಲ್ಲ. ಆ ಸಾಲುಗಳಲ್ಲಿ ಓದಿದ ಅಕ್ಷರಗಳೆಲ್ಲ ಬಲಗಡೆಯವೇ ಆಗಿದ್ದವು ಎಂಬುದನ್ನು ಯಾರಾದರೂ ಗುರುತು ಹಾಕಿಕೊಂಡಿದ್ದರೆ ಒಂದು ತಿಂಗಳು ಉಳಿಯುತ್ತಿತ್ತು.

‘ಸ್ವಭಾವ ಬದಲಾಗಿದೆ’ ಎಂಬ ಮಾತು ಅವರ ಪತ್ನಿಯದು. ಆಸ್ಪತ್ರೆಯಲ್ಲಿ ಹಗಲು ರಾತ್ರಿ ಅವರು ಹಾಸಿಗೆಯ ಎಡಪಕ್ಕದ ಕುರ್ಚಿಯಲ್ಲಿ ಕುಳಿತಿದ್ದರು. ಗಂಡ ಒಮ್ಮೆಯೂ ಅವರ ಕಡೆ ತಿರುಗಲಿಲ್ಲ. ಅವರು ಮಾತನಾಡಿಸಿದರೆ ಬಲಗಡೆ ನಿಂತಿದ್ದ ಮಗಳತ್ತ ಮುಖ ಮಾಡಿ ಉತ್ತರ ಕೊಡುತ್ತಿದ್ದರು. ಮನೆಗೆ ಬಂದಮೇಲೂ ಅದೇ ಕಥೆ. ತಟ್ಟೆಯ ಬಲ ಅರ್ಧ ಉಂಡು, ಇನ್ನೇನೂ ಬಡಿಸಲಿಲ್ಲವೆಂದು ಸಿಡುಕುತ್ತಿದ್ದರು. ಮುಖದ ಬಲಭಾಗಕ್ಕಷ್ಟೇ ಕ್ಷೌರ. “ಏನು ತಪ್ಪು ಮಾಡಿದೆನೋ ಗೊತ್ತಿಲ್ಲ. ನನ್ನನ್ನು ಬೇಕೆಂದೇ ಅಲಕ್ಷ್ಯ ಮಾಡುತ್ತಾರೆ” ಎಂದು ಆ ತಾಯಿ ಕಣ್ಣೀರು ಹಾಕಿದರು.

ಆ ಪದ ಕೇಳಿ ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಈ ಸ್ಥಿತಿಗೆ ನಮ್ಮ ಪಠ್ಯಗಳಲ್ಲಿರುವ ಹೆಸರು ‘ಏಕಪಾರ್ಶ್ವ ಅಲಕ್ಷ್ಯ’. ಅಲಕ್ಷ್ಯ ಎಂದರೆ ಕಂಡೂ ಕಾಣದ ಹಾಗಿರುವುದು, ಗಣನೆಗೆ ತೆಗೆದುಕೊಳ್ಳದಿರುವುದು. ಅದರೊಳಗೆ ಮನಸ್ಸು ಮಾಡಿ ಮಾಡಿದ್ದು ಎಂಬ ಅರ್ಥ ಅಡಗಿದೆ. ಈ ರೋಗದಲ್ಲಿ ಇಲ್ಲದಿರುವುದು ಅದೊಂದೇ. ಅಂದಿನಿಂದ ಮನೆಯವರ ಮುಂದೆ ನಾನು ಆ ಹೆಸರು ಬಳಸುವುದನ್ನು ಬಿಟ್ಟಿದ್ದೇನೆ. “ಎಡಗಡೆ ಇವರ ಗಮನಕ್ಕೆ ಸಿಗುತ್ತಿಲ್ಲ” ಎನ್ನುತ್ತೇನೆ.

ಕಣ್ಣೋ ಗಮನವೋ

ಮೊದಲ ದಿನದ ಪರೀಕ್ಷೆಗಳು ಸರಳ. ಇಪ್ಪತ್ತು ಸೆಂಟಿಮೀಟರ್ ಉದ್ದದ ಅಡ್ಡಗೆರೆಯ ನಡುವೆ ಗುರುತು ಹಾಕಲು ಹೇಳಿದೆ. ನಿಜವಾದ ನಡುವಿನಿಂದ ಸುಮಾರು ನಾಲ್ಕು ಸೆಂಟಿಮೀಟರ್ ಬಲಕ್ಕೆ ಹಾಕಿದರು. ಗಡಿಯಾರ ಬರೆಯಿರಿ ಎಂದಾಗ ವೃತ್ತ ಗುಂಡಗೆ ಬಂತು, ಹನ್ನೆರಡು ಅಂಕಿಗಳೂ ಬಲ ಅರ್ಧದಲ್ಲಿ ಒತ್ತೊತ್ತಾಗಿ ತುಂಬಿಕೊಂಡವು. ದೊಡ್ಡ ನಕ್ಷತ್ರ, ಅಕ್ಷರ, ಪದಗಳ ನಡುವೆ ಚದುರಿರುವ ಚಿಕ್ಕ ನಕ್ಷತ್ರಗಳನ್ನು ಹುಡುಕಿ ಹೊಡೆದುಹಾಕುವ ಪರೀಕ್ಷೆಯೊಂದಿದೆ, ಅದರಲ್ಲಿ ಲೆಕ್ಕಕ್ಕೆ ಬರುವ ನಕ್ಷತ್ರಗಳು 54. ಅವರು ಹೊಡೆದದ್ದು 19, ಎಲ್ಲವೂ ಹಾಳೆಯ ಬಲ ಅಂಚಿನವು. ಪೆನ್ನು ಕೆಳಗಿಟ್ಟು “ಆಯಿತು, ಒಂದೂ ಬಿಟ್ಟಿಲ್ಲ” ಎಂದರು. ಕರಡು ತಿದ್ದಿ ಮುಗಿಸಿ ಸಹಿ ಹಾಕುವವರ ಭರವಸೆ ಆ ದನಿಯಲ್ಲಿತ್ತು.

ಇಲ್ಲಿ ತೀರ್ಮಾನಕ್ಕೆ ಆತುರಪಡಬಾರದು. ಬಲ ಮೆದುಳಿನ ಪಾರ್ಶ್ವವಾಯುವಿನಲ್ಲಿ ಎಡ ದೃಷ್ಟಿಕ್ಷೇತ್ರವೇ ಹೋಗಿರಬಹುದು. ಅದು ಹೆಮಿಯಾನೋಪಿಯಾ, ಅಂದರೆ ಕಣ್ಣಿನಿಂದ ಬರುವ ಸುದ್ದಿಯೇ ಮೆದುಳಿನ ದೃಷ್ಟಿಕೇಂದ್ರಕ್ಕೆ ದಕ್ಕದ ಸ್ಥಿತಿ. ಅದೂ ಗಮನದ ಈ ತೊಂದರೆಯೂ ಒಟ್ಟಿಗೆ ಇರುವುದೂ ಅಪರೂಪವಲ್ಲ. ಚಿಕಿತ್ಸೆಯ ದಾರಿ ಮಾತ್ರ ಬೇರೆ ಬೇರೆ. ಅರ್ಧದೃಷ್ಟಿ ಹೋದವನಿಗೆ ಹೋಗಿದೆ ಎಂದು ಸಾಮಾನ್ಯವಾಗಿ ಗೊತ್ತಾಗುತ್ತದೆ, ತಲೆ ತಿರುಗಿಸಿ ಸರಿದೂಗಿಸಿಕೊಳ್ಳುತ್ತಾನೆ. ಗಮನ ಹೋದವನಿಗೆ ತಿರುಗಿಸಬೇಕೆಂದು ಅನ್ನಿಸುವುದೇ ಇಲ್ಲ.

ಕ ಅವರನ್ನು ನೇರ ಮುಂದೆ ನೋಡಿಸಿ, ಎಡಗಡೆ ಬೆರಳು ಆಡಿಸಿದೆ. ಹೆಚ್ಚಿನ ಸಲ ಕಾಣಲಿಲ್ಲ ಎಂದರು. ಇಷ್ಟಕ್ಕೇ ನಿಲ್ಲಿಸಿದ್ದರೆ ದೃಷ್ಟಿಕ್ಷೇತ್ರದ ನಷ್ಟ ಎಂದೇ ಬರೆಯುತ್ತಿದ್ದೆ. ಆಮೇಲೆ ತಲೆ ಅಲುಗಿಸದೆ ಕಣ್ಣನ್ನಷ್ಟೇ ಬಲಕ್ಕೆ ಹೊರಳಿಸಲು ಹೇಳಿ, ನೋಟದ ಬಿಂದುವಿನಿಂದ ಅಷ್ಟೇ ದೂರದಲ್ಲಿ ಎಡಕ್ಕೆ ಬೆರಳು ಹಿಡಿದೆ. ಅಕ್ಷಿಪಟಲದ ಮೇಲೆ ಬಿಂಬ ಬೀಳುವುದು ಮೊದಲಿನ ಜಾಗದಲ್ಲೇ. ಆದರೆ ಬೆರಳು ಈಗ ಅವರ ದೇಹದ ನಡುಗೆರೆಯ ಬಲಕ್ಕಿದೆ. ಪ್ರತಿ ಸಲವೂ ಕಂಡಿತು. ಅದೇ ಅಕ್ಷಿಪಟಲ, ಅದೇ ನರ, ಅದೇ ಬೆಳಕು. ಕಾಣುವುದು ಬಿಡುವುದು ನಿಂತದ್ದು ಬೆರಳು ಅವರ ಲೋಕದ ಯಾವ ಬದಿಯಲ್ಲಿದೆ ಎಂಬುದರ ಮೇಲೆ. ಇಡೀ ಪ್ರಕರಣದ ರೋಗನಿರ್ಣಯ ನಿಂತಿರುವುದು ಈ ಎರಡು ನಿಮಿಷದ ಪರೀಕ್ಷೆಯ ಮೇಲೆ. ಎರಡೂ ಬದಿಗೆ ಒಮ್ಮೆಲೇ ಬೆರಳು ಆಡಿಸಿದಾಗ ಬಲಗಡೆಯದಷ್ಟೇ ಕಂಡದ್ದೂ ಇದಕ್ಕೆ ಹೊಂದಿಕೊಂಡಿತು. ಬಲಗಡೆಯ ಸುದ್ದಿ ಬಂದ ಕೂಡಲೇ ಎಡಗಡೆಯದು ನಂದಿಹೋಗುತ್ತಿತ್ತು.

ಇನ್ನೊಂದು ಪ್ರಶ್ನೆಯನ್ನೂ ಕೇಳಿದೆ. ಕಣ್ಣು ಮುಚ್ಚಿ, ನೀವು ಕೆಲಸ ಮಾಡುತ್ತಿದ್ದ ಮುದ್ರಣಾಲಯದ ಬಾಗಿಲಲ್ಲಿ ನಿಂತಿದ್ದೀರಿ ಎಂದುಕೊಳ್ಳಿ, ಏನೇನಿದೆ ಹೇಳಿ ಎಂದೆ. ಯಂತ್ರ, ಕಾಗದದ ರಾಶಿ, ಕಿಟಕಿ, ಎಲ್ಲ ಬಲಗಡೆಯವು. ಈಗ ಒಳಗಿನ ಗೋಡೆಗೆ ಬೆನ್ನು ಕೊಟ್ಟು ಬಾಗಿಲ ಕಡೆ ನೋಡುತ್ತಿದ್ದೀರಿ ಎಂದಾಗ, ಮೊದಲು ಬಿಟ್ಟಿದ್ದ ಅಚ್ಚುಮೊಳೆಯ ಪೆಟ್ಟಿಗೆಗಳೂ ಕರಡು ತಿದ್ದುವ ಮೇಜೂ ಬಂದವು, ಯಂತ್ರ ಮಾಯವಾಯಿತು. 1978ರಲ್ಲಿ ಇಟಲಿಯ ಸಂಶೋಧಕರಾದ ಬಿಸಿಯಾಕ್ ಮತ್ತು ಲುಝಾಟಿ ಮಿಲಾನಿನ ಕೆಥೆಡ್ರಲ್ ಚೌಕವನ್ನು ಇಬ್ಬರು ರೋಗಿಗಳಿಂದ ಹೀಗೆಯೇ ಎರಡು ತುದಿಗಳಿಂದ ವರ್ಣನೆ ಮಾಡಿಸಿ ಪ್ರಕಟಿಸಿದ್ದರು. ನೆನಪು ಪೂರ್ತಿ ಇದೆ. ಆದರೆ ಮನಸ್ಸಿನೊಳಗೆ ಬಿಡಿಸಿದ ಚಿತ್ರಕ್ಕೂ ಎಡಗಡೆ ಇಲ್ಲ. ಕಣ್ಣಿನ ಮೇಲೆ ದೋಷ ಹೊರಿಸಲು ಇನ್ನು ದಾರಿಯಿರಲಿಲ್ಲ.

ಹಾಗಾದರೆ ಎಡಗಡೆಯ ಸುದ್ದಿ ಎಲ್ಲಿಗೆ ಹೋಗುತ್ತದೆ ಎಂದು ಮಗಳು ಕೇಳಿದರು. 1988ರಲ್ಲಿ ಸಂಶೋಧಕರಾದ ಮಾರ್ಷಲ್ ಮತ್ತು ಹ್ಯಾಲಿಗನ್ ಪ್ರಕಟಿಸಿದ ಪ್ರಯೋಗವನ್ನು ನಾನು ಹೇಳಿದೆ. ಇಂಥದೇ ತೊಂದರೆಯ ಮಹಿಳೆಗೆ ಮನೆಯ ಎರಡು ಚಿತ್ರ ತೋರಿಸಿದರು. ಒಂದರ ಎಡಭಾಗದಲ್ಲಿ ಬೆಂಕಿ ಉರಿಯುತ್ತಿದೆ. ಎರಡೂ ಒಂದೇ ಥರ ಇವೆ ಎಂದರು ಆಕೆ. ಯಾವುದರಲ್ಲಿ ವಾಸಿಸುತ್ತೀರಿ ಎಂದಾಗ ಇದೆಂಥ ಪೆದ್ದು ಪ್ರಶ್ನೆ ಎಂದರೂ, ಹೆಚ್ಚಿನ ಸಲ ಬೆಂಕಿಯಿಲ್ಲದ ಮನೆಯನ್ನೇ ಆರಿಸಿದರು. ಸಂವೇದನೆ ಒಳಗೆ ಬಂದಿದೆ, ಬಂದು ಕೆಲಸವನ್ನೂ ಮಾಡಿದೆ. ಅರಿವಿನ ಬಾಗಿಲು ಮಾತ್ರ ತಟ್ಟಿಲ್ಲ. ಮೆದುಳಿನ ಬಲ ಅರ್ಧಗೋಳ ಎರಡೂ ಬದಿಗಳಿಗೆ ಗಮನ ಹರಿಸುತ್ತದೆ, ಎಡ ಅರ್ಧಗೋಳ ಬಹುಮಟ್ಟಿಗೆ ಬಲಕ್ಕಷ್ಟೇ. ಹಾಗಾಗಿ ಬಲ ಅರ್ಧಗೋಳ ಪೆಟ್ಟು ತಿಂದರೆ ಎಡಗಡೆಯನ್ನು ಕಾಯುವವರು ಯಾರೂ ಉಳಿಯುವುದಿಲ್ಲ ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ.

ಪತ್ನಿ ಇದನ್ನೆಲ್ಲ ಮಾತಿಲ್ಲದೆ ಕೇಳಿದರು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: “ಹಾಗಾದರೆ ನಾನು ಅಲ್ಲಿ ಕೂತಿದ್ದೆ ಅಂತ ಅವರಿಗೆ ಗೊತ್ತೇ ಇರಲಿಲ್ಲವೇ?”

ಮೊದಲು ಮಾಡಿದ್ದು, ಕೈಕೊಟ್ಟದ್ದು

ಆಸ್ಪತ್ರೆಯಲ್ಲಿ ಹಾಸಿಗೆಯನ್ನು ಬೇಕೆಂದೇ ಹಾಗೆ ಇಟ್ಟಿದ್ದರು. ಎಲ್ಲರೂ ಎಡಗಡೆಯಿಂದಲೇ ಬಂದು ಮಾತನಾಡಿಸಿದರೆ ರೋಗಿ ಎಡಕ್ಕೆ ತಿರುಗಲು ಕಲಿಯುತ್ತಾನೆ ಎಂಬ ಎಣಿಕೆ ಅನೇಕ ವಾರ್ಡುಗಳಲ್ಲಿ ರೂಢಿಯಲ್ಲಿದೆ. ತೀವ್ರ ಹಂತದಲ್ಲಿ ಅದು ರೋಗಿಯನ್ನು ಒಂಟಿಯಾಗಿಸುತ್ತದೆ ಎಂದು ನನ್ನ ನಂಬಿಕೆ, ಈ ಪ್ರಕರಣ ಅದನ್ನು ಗಟ್ಟಿಮಾಡಿತು. ಹಾಗಾಗಿ ನಾವು ತೆಗೆದುಕೊಂಡ ಮೊದಲ ನಿರ್ಧಾರ, ಮನೆಯಲ್ಲಿ ಪತ್ನಿಯ ಕುರ್ಚಿಯನ್ನು ಬಲಕ್ಕೆ ತರುವುದು. ಚಿಕಿತ್ಸೆಯ ದೃಷ್ಟಿಯಿಂದ ಹಿಂದಕ್ಕೆ ಹೋದಂತೆ ಕಾಣಬಹುದು. ಆ ಸಂಜೆ ಅವರಿಬ್ಬರೂ ಒಂದು ತಿಂಗಳ ನಂತರ ಮುಖ ನೋಡಿಕೊಂಡು ಮಾತನಾಡಿದರು.

ಎರಡನೆಯ ನಿರ್ಧಾರದಲ್ಲಿ ಎಡವಿದೆವು. ಪುಟದ ಎಡ ಅಂಚಿಗೆ ದಪ್ಪ ಕೆಂಪು ಗೆರೆ ಎಳೆದು, ಪ್ರತಿ ಸಾಲಿನ ಮೊದಲು ಆ ಗೆರೆಯನ್ನು ಹುಡುಕಿ ಎಂದು ಕಲಿಸುವುದು ಹಳೆಯ, ಒಳ್ಳೆಯ ಪದ್ಧತಿ. ನಾಲ್ಕು ವಾರ ಮಾಡಿಸಿದೆವು. ನಕ್ಷತ್ರಗಳ ಪರೀಕ್ಷೆಯಲ್ಲಿ 19 ಇದ್ದದ್ದು 41ಕ್ಕೆ ಏರಿತು. ನಾನು ಸಂತೋಷಪಟ್ಟು ಮನೆಯವರಿಗೂ ಆ ಅಂಕಿ ಹೇಳಿದೆ. ಮಗಳು ತಾಳ್ಮೆಯಿಂದಲೇ ಕೇಳಿದರು: “ಅಪ್ಪ ನಿನ್ನೆ ಎಡಗಡೆಯ ಬಾಗಿಲ ಚೌಕಟ್ಟಿಗೆ ಭುಜ ಹೊಡೆದುಕೊಂಡರು. ಅರ್ಧ ತಟ್ಟೆ ಈಗಲೂ ಹಾಗೇ ಉಳಿಯುತ್ತದೆ. ಏರಿದ್ದು ಏನು?”

ಏರಿದ್ದು ಪರೀಕ್ಷೆಯ ಅಂಕ. ಹಾಳೆ, ಪೆನ್ನು, ಎದುರಿಗೆ ನಾನು, ಇಷ್ಟು ಸೇರಿದಾಗ ‘ಕೆಂಪು ಗೆರೆ ಹುಡುಕಬೇಕು’ ಎಂಬ ಪಾಠ ಅವರಿಗೆ ನೆನಪಾಗುತ್ತಿತ್ತು. ಮನೆಯ ಬಾಗಿಲಿಗೆ ಕೆಂಪು ಗೆರೆಯಿಲ್ಲ, ಇದ್ದರೂ ಹುಡುಕಬೇಕೆಂದು ಅನ್ನಿಸದು. ಎಡಕ್ಕೆ ನೋಡಿ, ಎಡಕ್ಕೆ ನೋಡಿ ಎಂದು ದಿನಕ್ಕೆ ನೂರು ಸಲ ಹೇಳುತ್ತಿದ್ದೆವು. ಅವರು ನೋಡುತ್ತಲೂ ಇದ್ದರು, ಆದರೆ ತಮಗಿದ್ದ ಲೋಕದ ಎಡ ಅಂಚಿನವರೆಗೆ. ಆ ಲೋಕ ಅವರ ಮೂಗಿನ ನೇರಕ್ಕೆ ಮುಗಿದುಹೋಗಿತ್ತು. ಅದರಾಚೆ ಕತ್ತಲೆ ಕಂಡಿದ್ದರೆ, ಖಾಲಿ ಜಾಗ ಕಂಡಿದ್ದರೆ ಅದನ್ನು ತುಂಬಿಸಲು ನೋಡುತ್ತಿದ್ದರು. ನಮ್ಮ ಬೆನ್ನ ಹಿಂದಿನ ಜಾಗ ನಮಗೆ ಕಪ್ಪಾಗಿ ತೋರುತ್ತದೆಯೇ? ತೋರುವುದೇ ಇಲ್ಲ. ಕ ಅವರ ಎಡಗಡೆ ಹಾಗಾಗಿತ್ತು.

ಆ ವಾರ ನಾನು ಮೊದಲ ಬಾರಿಗೆ ಅವರ ಮನೆಗೆ ಹೋದೆ. ಮೊದಲೇ ಹೋಗಬೇಕಿತ್ತು. ಅಲ್ಲಿ ಕಂಡದ್ದು ನನ್ನ ಮೇಜಿನ ಮುಂದೆ ಎಂದೂ ಕಾಣದ ಸಂಗತಿ: ದೂರದ ಎಡಗೋಡೆಯ ಗಡಿಯಾರವನ್ನು ಅವರು ನೋಡಿ ಸಮಯ ಹೇಳುತ್ತಾರೆ, ಕೈಗೆಟಕುವಷ್ಟು ಹತ್ತಿರ ಎಡಕ್ಕಿಟ್ಟ ಕನ್ನಡಕ ಸಿಗುವುದಿಲ್ಲ. ಕೈಗೆಟಕುವ ಜಾಗವನ್ನೂ ಎಟಕದ ಜಾಗವನ್ನೂ ಮೆದುಳು ಬೇರೆ ಬೇರೆಯಾಗಿ ಇಟ್ಟುಕೊಂಡಿರುತ್ತದೆ ಎಂಬುದಕ್ಕೆ 1991ರಿಂದ ಪುರಾವೆ ಇದೆ. ಕಾಗದದ ಪರೀಕ್ಷೆಗಳೆಲ್ಲ ಹತ್ತಿರದ ಜಾಗವನ್ನಷ್ಟೇ ಅಳೆಯುತ್ತವೆ.

ತಿರುವು

ಹೊಸ ಉಪಾಯ ಬಂದದ್ದು ಪತ್ನಿಯಿಂದ. ಹಳೆಯ ಕಾಲದಲ್ಲಿ ಕರಡು ತಿದ್ದುವ ಕೆಲಸ ಇಬ್ಬರದಾಗಿತ್ತಂತೆ. ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಅಚ್ಚಾದ ಕರಡಿನ ಮೇಲೆ ಕಣ್ಣಾಡಿಸುತ್ತ ತಿದ್ದುವುದು. ತುರ್ತಿನ ಕೆಲಸ ಮನೆಗೆ ಬಂದಾಗ ಓದುವ ಪಾಳಿ ಅವರದಾಗುತ್ತಿತ್ತು. “ಹಾಗೆ ಮಾಡಿದರೆ ಹೇಗೆ?” ಎಂದರು. ನನಗೆ ಅಷ್ಟೇನೂ ಭರವಸೆ ಹುಟ್ಟಲಿಲ್ಲ. ಬೇಸರ ಕಳೆಯಲು ಒಳ್ಳೆಯದು ಎಂದುಕೊಂಡು ಒಪ್ಪಿದೆ. ನನ್ನ ಅಂದಾಜು ತಪ್ಪಾಗಿತ್ತು.

ಕ ಅವರ ಓದಿನ ತಪ್ಪುಗಳು ಹೇಗಿದ್ದವು ಎಂದು ಇಲ್ಲಿ ಹೇಳಬೇಕು. ನಮ್ಮ ಲಿಪಿ ಎಡದಿಂದ ಬಲಕ್ಕೆ ಹರಿಯುವುದರಿಂದ ಸಾಲಿನ ಮೊದಲ ಪದಗಳು ಬಿಟ್ಟುಹೋಗುತ್ತಿದ್ದವು. ಅದರ ಜೊತೆಗೆ ಬಿಡಿ ಪದದ ಮೊದಲ ಅಕ್ಷರವೂ ಕಳೆದುಹೋಗುತ್ತಿತ್ತು. ಅಪರಿಚಿತ ಎಂಬುದು ಪರಿಚಿತ. ಅಸಾಧ್ಯ ಎಂಬುದು ಸಾಧ್ಯ. 1250 ಎಂಬುದು 250. ಕೆಲವೊಮ್ಮೆ ಕಳೆದ ಜಾಗಕ್ಕೆ ಮೆದುಳು ತನ್ನದೇ ಅಕ್ಷರ ಕೂರಿಸಿ ವಿಧಾನವನ್ನು ನಿಧಾನ ಎಂದು ಓದಿಸುತ್ತಿತ್ತು. ಕನ್ನಡದಲ್ಲಿ ಇದರ ಪೆಟ್ಟು ದೊಡ್ಡದು. ‘ಅ’ ಒಂದು ಬಿದ್ದರೆ ಮಾತಿನ ಅರ್ಥ ತಿರುಗಾಮುರುಗಾ ಆಗುತ್ತದೆ.

ಮೂರನೆಯ ದಿನ ಪತ್ನಿ ಓದುತ್ತಿದ್ದ ವಾಕ್ಯದಲ್ಲಿ ‘ಅನ್ಯಾಯ’ ಎಂಬ ಪದ ಬಂತು. ಕ ಅವರ ಕಣ್ಣಿಗೆ ಬಿದ್ದದ್ದು ‘ನ್ಯಾಯ’. ಅವರು ನಿಲ್ಲಿಸಿ, “ನೀನು ತಪ್ಪು ಓದಿದೆ, ಇಲ್ಲಿ ನ್ಯಾಯ ಅಂತಿದೆ” ಎಂದರು. ಆಕೆ ವಾದಿಸಲಿಲ್ಲ, ಮೂಲಪ್ರತಿಯಲ್ಲಿ ಹೀಗಿದೆ ಎಂದಷ್ಟೇ ಹೇಳಿ ಮುಂದೆ ಓದಿದರು. ಎರಡು ಸಾಲು ಕಳೆದು ಮತ್ತೊಂದು, ಅದೇ ಪುಟದಲ್ಲಿ ಇನ್ನೊಂದು. ಪ್ರತಿ ಸಲವೂ ಕ ಅವರು ಕರಡಿನ ಬಲ ಅಂಚಿನಲ್ಲಿ ಅಕ್ಷರ ಬಿಟ್ಟಿದೆ ಎಂಬ ಗುರುತು ಹಾಕಿದರು. ಪುಟದ ಕೊನೆಗೆ ಬಂದಾಗ ಹನ್ನೊಂದು ಗುರುತು. ಅವುಗಳನ್ನು ತುಂಬ ಹೊತ್ತು ನೋಡಿ ಹೇಳಿದರಂತೆ: “ಅಚ್ಚು ಜೋಡಿಸುವವನು ಎಷ್ಟೇ ಅಜಾಗರೂಕನಾಗಿದ್ದರೂ ಬರೀ ಮೊದಲ ಅಕ್ಷರವನ್ನೇ ಬಿಡುವುದಿಲ್ಲ. ಈ ತಪ್ಪು ಅವನದಲ್ಲ.”

ಆಮೇಲೆ ಒಂದು ಪದದ ಮೇಲೆ ಬೆರಳಿಟ್ಟು ಎಡಕ್ಕೆ ಎಳೆದರು. ಅಕ್ಷರ ಅಲ್ಲಿತ್ತು.

ನಾವು ನೂರು ಸಲ ಹೇಳಿದ್ದನ್ನು ಅವರು ನಂಬಿರಲಿಲ್ಲ, ನಂಬುವುದಕ್ಕೆ ಆಧಾರವೂ ಇರಲಿಲ್ಲ. ಕಣ್ಣು ಪುಟ ಪೂರ್ತಿ ಇದೆ ಎನ್ನುತ್ತಿರುವಾಗ ಯಾರು ತಾನೇ ಪರರ ಮಾತು ನಂಬುತ್ತಾರೆ? ಈಗ ಕಿವಿಗೂ ಕಣ್ಣಿಗೂ ನಡುವೆ ಜಗಳ ಬಿತ್ತು. ಆ ಜಗಳ ಬಿಡಿಸುವುದೇ ಬದುಕಿಡೀ ಅವರು ಮಾಡಿದ ಕಸುಬು. ತಪ್ಪುಗಳ ವಿನ್ಯಾಸ ಕಂಡು ತಪ್ಪು ಎಲ್ಲಿ ಹುಟ್ಟಿತೆಂದು ಊಹಿಸುವ ಅಭ್ಯಾಸಕ್ಕೆ ಪಾರ್ಶ್ವವಾಯು ಮುಟ್ಟಿರಲಿಲ್ಲ.

ಅಲ್ಲಿಂದ ಯೋಜನೆ ಬದಲಿಸಿದೆವು. ದಿನಕ್ಕೆ ಎರಡು ಸಲ, ಇಪ್ಪತ್ತು ಇಪ್ಪತ್ತು ನಿಮಿಷ ಕರಡು. ಕೆಂಪು ಗೆರೆ ಹೋಯಿತು. ಅದರ ಬದಲಿಗೆ ಅವರ ಎಡಗೈಯನ್ನೇ ಪುಟದ ಎಡ ಅಂಚಿನ ಮೇಲಿಟ್ಟು, ಪ್ರತಿ ಸಾಲಿಗೂ ತೋರುಬೆರಳನ್ನು ಕೊಂಚ ಅಲುಗಿಸಲು ಹೇಳಿದೆವು. ಎಡಭಾಗದ ಅಂಗವನ್ನು ಎಡಗಡೆಯ ಜಾಗದಲ್ಲೇ ಚಲಿಸಿದರೆ ಗಮನ ಆ ಕಡೆ ವಾಲುತ್ತದೆ ಎಂದು ಮನೋವಿಜ್ಞಾನಿ ರಾಬರ್ಟ್‌ಸನ್ ಮತ್ತು ಅವರ ಸಹೋದ್ಯೋಗಿಗಳು 1990ರ ದಶಕದಲ್ಲಿ ತೋರಿಸಿದ್ದರು. ಪತ್ನಿಯ ಕುರ್ಚಿ ವಾರಕ್ಕೊಂದು ಗೇಣಿನಷ್ಟು ಎಡಕ್ಕೆ ಸರಿಯತೊಡಗಿತು. ಅವರ ದನಿ ಎಲ್ಲಿಂದ ಬರುತ್ತಿದೆ ಎಂದು ಕ ಅವರು ತಪ್ಪು ಹೇಳಿದ ದಿನ ಕುರ್ಚಿ ಒಂದು ಗೇಣು ಹಿಂದಕ್ಕೆ.

ಇದರ ಜೊತೆಗೆ ಪ್ರಿಸಂ ಕನ್ನಡಕದ ಅಭ್ಯಾಸವನ್ನೂ ಎರಡು ವಾರ ಮಾಡಿಸಿದೆವು. ಕಾಣುವುದನ್ನೆಲ್ಲ 10 ಡಿಗ್ರಿ ಬಲಕ್ಕೆ ಜರುಗಿಸುವ ಕನ್ನಡಕ ಹಾಕಿಕೊಂಡು ಎದುರಿನ ಚುಕ್ಕೆಗಳನ್ನು ಬೆರಳಿನಿಂದ ಮುಟ್ಟಬೇಕು. ಮೊದಮೊದಲು ಬೆರಳು ಚುಕ್ಕೆಯ ಬಲಕ್ಕೆ ಬೀಳುತ್ತದೆ. ಕೆಲವು ಯತ್ನಗಳಲ್ಲಿ ಕೈ ತಾನಾಗಿ ಸರಿಪಡಿಸಿಕೊಳ್ಳುತ್ತದೆ. ಕನ್ನಡಕ ತೆಗೆದಾಗ ಬೆರಳು ಚುಕ್ಕೆಯ ಎಡಕ್ಕೆ ಬೀಳುತ್ತದೆ, ಗಮನವೂ ಒಂದಿಷ್ಟು ಅದರ ಜೊತೆ ಎಡಕ್ಕೆ ಜರುಗುತ್ತದೆ. ಫ್ರಾನ್ಸಿನ ರೊಸೆಟಿ ಮತ್ತು ತಂಡ 1998ರಲ್ಲಿ ಇದನ್ನು ಪ್ರಕಟಿಸಿದಾಗ ದೊಡ್ಡ ನಿರೀಕ್ಷೆ ಹುಟ್ಟಿತ್ತು. ನಂತರದ ಪ್ರಯೋಗಗಳ ಫಲಿತಾಂಶ ಒಂದೇ ಬಗೆಯಾಗಿಲ್ಲ, ಕೆಲವರಿಗೆ ನೆರವಾಗಿದೆ, ಕೆಲವರಿಗೆ ಇಲ್ಲ. ನಾನು ಇದನ್ನು ಆರಿಸಿದ್ದಕ್ಕೆ ಕಾರಣ ಬೇರೆ: ಇದು ರೋಗಿಯ ಒಪ್ಪಿಗೆಯನ್ನು ಕೇಳುತ್ತದೆ, ಅರಿವನ್ನು ಕೇಳುವುದಿಲ್ಲ. ತನ್ನ ಎಡಗಡೆ ಕಳೆದಿದೆ ಎಂದು ತಿಳಿಯದಿದ್ದರೂ ಕೈ ಕಲಿಯುತ್ತದೆ.

ಏನಾಯಿತು

ಮೂರನೆಯ ತಿಂಗಳ ಕೊನೆಗೆ ನಕ್ಷತ್ರಗಳು 50ಕ್ಕೆ ಬಂದವು. ಗೆರೆಯ ನಡುವಿನ ಗುರುತು ಒಂದೂವರೆ ಸೆಂಟಿಮೀಟರ್ ಬಲಕ್ಕೆ ಬಂದು ನಿಂತಿತು. ಈ ಸಲ ನಾನು ಅಂಕಿಗಳನ್ನು ಮನೆಯವರಿಗೆ ಹೇಳುವ ಮೊದಲು, ಅವರೇ ಇಟ್ಟಿದ್ದ ದಿನಚರಿಯನ್ನು ನೋಡಿದೆ. ವಾರದಲ್ಲಿ ತಟ್ಟೆಯ ಎಡಭಾಗ ಉಳಿದದ್ದು ಎರಡು ಸಲ. ಬಾಗಿಲಿಗೆ ತಾಗಿದ್ದು ಮೂರು ಸಲ, ಮೂರೂ ಸಂಜೆ.

ಸಂಜೆ ಎಂಬುದು ಮುಖ್ಯ. ಒಟ್ಟಾರೆ ಎಚ್ಚರ ಕುಗ್ಗಿದಾಗ ಎಡಗಡೆ ಮೊದಲು ಮರೆಯಾಗುತ್ತದೆ. ರಾಬರ್ಟ್‌ಸನ್ ತಂಡವೇ 1998ರಲ್ಲಿ ಇನ್ನೊಂದು ವಿಷಯ ತೋರಿಸಿತು: ಇಂಥ ರೋಗಿಗಳಿಗೆ ಎಡಗಡೆಯ ಘಟನೆ ಬಲಗಡೆಯದಕ್ಕಿಂತ ಸುಮಾರು ಅರ್ಧ ಸೆಕೆಂಡ್ ತಡವಾಗಿ ಅರಿವಿಗೆ ಬರುತ್ತದೆ, ಮೊದಲು ಒಂದು ಎಚ್ಚರಿಕೆಯ ಸದ್ದು ಮಾಡಿದರೆ ಆ ಅಂತರ ಇಲ್ಲವಾಗುತ್ತದೆ. ಎಡ ಬಲ ಎಂಬುದಕ್ಕೆ ಸಂಬಂಧವೇ ಇಲ್ಲದ ಸದ್ದು ಎಡಗಡೆಯನ್ನು ಮರಳಿ ಕೊಡುತ್ತದೆ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ. ಕ ಅವರ ಎಡ ಮಣಿಕಟ್ಟಿಗೆ ಸಂಜೆಯ ಹೊತ್ತು ಆಗಾಗ ಕಂಪಿಸುವ ಗಡಿಯಾರ ಕಟ್ಟಿಸಿದೆವು. ಮೊದಲ ವಾರ ಅವರಿಗೆ ಕಿರಿಕಿರಿಯಾಯಿತು, ಆಮೇಲೆ ತಾವೇ ಕೇಳಿ ಕಟ್ಟಿಕೊಳ್ಳತೊಡಗಿದರು.

ಅತಿ ಕಷ್ಟದ ನಿರ್ಧಾರ ಐದನೆಯ ತಿಂಗಳಲ್ಲಿ ಎದುರಾಯಿತು. ಅವರಿಗೆ ಕಾರು ಓಡಿಸಬೇಕು. ಕಾಲು ಸರಿಯಾಗಿದೆ, ನಕ್ಷತ್ರಗಳಲ್ಲಿ 52 ಬಂದಿದೆ, ಇನ್ನೇನು ಅಡ್ಡಿ ಎಂದು ವಾದಿಸಿದರು. ಮನೆಯವರೂ ನನ್ನ ಬಾಯಿಂದ ಹೌದು ಎಂಬ ಮಾತಿಗೆ ಕಾದಿದ್ದರು. ಅಂಕ ಮಾತ್ರ ನೋಡಿದ್ದರೆ ಹೌದು ಎನ್ನಬಹುದಿತ್ತು. ನಾನು ಮತ್ತೆ ಎರಡೂ ಬದಿಗೆ ಒಮ್ಮೆಲೇ ಬೆರಳು ಆಡಿಸಿದೆ. ಎಡಗಡೆಯದು ಹತ್ತರಲ್ಲಿ ನಾಲ್ಕು ಸಲ ಕಾಣಲಿಲ್ಲ. ಬಿಡುವಾಗಿ ಕುಳಿತು ಹಾಳೆ ಹುಡುಕುವಾಗ ಎಡಕ್ಕೆ ಮರಳಲು ಬೇಕಾದಷ್ಟು ಸಮಯವಿರುತ್ತದೆ. ರಸ್ತೆಯಲ್ಲಿ ಬಲಗಡೆ ಏನಾದರೊಂದು ಸದಾ ಚಲಿಸುತ್ತಿರುತ್ತದೆ, ಎಡಗಡೆಯದು ಕಾಯುವುದಿಲ್ಲ. ಬೇಡ ಎಂದೆ. ಅವರು ಸಿಟ್ಟಿನಿಂದ ಎದ್ದು ಹೋದರು, ಎರಡು ವಾರ ಬರಲಿಲ್ಲ.

ಮಾತಿನಿಂದ ಒಪ್ಪಿಸುವ ತಪ್ಪನ್ನು ಮತ್ತೆ ಮಾಡಬಾರದೆಂದು ಮಗಳಿಗೆ ಒಂದು ಕೆಲಸ ಹೇಳಿದೆ. ಸಂಜೆ ಅಪ್ಪ ಅಡುಗೆಮನೆಯಿಂದ ಹೊರಗೆ ನಡೆದು ಬರುವುದನ್ನು, ಅವರ ಒಪ್ಪಿಗೆ ಪಡೆದು, ಮೊಬೈಲಿನಲ್ಲಿ ಚಿತ್ರೀಕರಿಸಿದರು. ನಾನು ಆ ಮೊಬೈಲನ್ನು ಅವರ ಬಲಗಡೆ ಹಿಡಿದು ತೋರಿಸಿದೆ. ಆಗ ಅವರ ಎಡಗಡೆಯೂ ಅವರ ಬಲಗಡೆಯ ಜಾಗಕ್ಕೆ ಬಂದಂತಾಯಿತು. ಎಡಭುಜ ಚೌಕಟ್ಟಿಗೆ ತಾಗಿದ್ದು, ಎಡಗಡೆ ನಿಂತಿದ್ದ ಪತ್ನಿಯನ್ನು ದಾಟಿ ಹೋದದ್ದು, ಎಲ್ಲ ಪರದೆಯ ಮೇಲೆ ಇತ್ತು. “ಈ ಮನುಷ್ಯ ಆಕೆಯನ್ನು ನೋಡಲೇ ಇಲ್ಲವಲ್ಲ” ಎಂದರು. ತಮ್ಮನ್ನೇ ‘ಈ ಮನುಷ್ಯ’ ಎಂದು ಕರೆದದ್ದು ಗೊತ್ತಾಗಿ ಸುಮ್ಮನಾದರು. ಕಾರಿನ ಬೀಗದ ಕೈಯನ್ನು ಮಗಳಿಗೆ ಕೊಟ್ಟದ್ದು ಆ ರಾತ್ರಿ.

ಹಿಂತಿರುಗಿ ನೋಡಿದಾಗ

ಈ ಸುಧಾರಣೆಯಲ್ಲಿ ಯಾವುದರ ಪಾಲು ಎಷ್ಟು ಎಂದು ನಾನು ಹೇಳಲಾರೆ. ಪಾರ್ಶ್ವವಾಯುವಿನ ಮೊದಲ ಮೂರು ತಿಂಗಳಲ್ಲಿ ಮೆದುಳು ತಾನಾಗಿಯೂ ಚೇತರಿಸಿಕೊಳ್ಳುತ್ತದೆ. ನಾವು ಪ್ರಿಸಂ, ಎಡಗೈ, ಕರಡು ಮೂರನ್ನೂ ಹೆಚ್ಚುಕಡಿಮೆ ಒಟ್ಟಿಗೆ ಶುರು ಮಾಡಿದೆವು. ಒಬ್ಬ ವ್ಯಕ್ತಿಯ ಕಥೆಯಿಂದ ಚಿಕಿತ್ಸೆಯ ಗುಣ ಅಳೆಯಲು ಹೊರಡುವುದು ಸರಿಯಲ್ಲ.

ನಿರ್ಧಾರಗಳ ವಿಷಯದಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ಕಣ್ಣನ್ನು ಬಲಕ್ಕೆ ಹೊರಳಿಸಿ ಮಾಡುವ ಆ ಚಿಕ್ಕ ಪರೀಕ್ಷೆಯನ್ನು ಈಗ ನಾವು ಯಾರಿಗೂ ಬಿಡುವುದಿಲ್ಲ. ಮನೆ ನೋಡದೆ ಯೋಜನೆ ಬರೆಯುವುದಿಲ್ಲ. ಅಂಕ ಏರಿದರೆ ಸಂಜೆಯ ಹೊತ್ತಿನಲ್ಲಿ ಮತ್ತೊಮ್ಮೆ ಪರೀಕ್ಷಿಸುತ್ತೇವೆ. ಮನೆಯವರನ್ನು ಮೊದಲ ದಿನವೇ ಕೂರಿಸಿಕೊಂಡು, ಇದು ಹಟವಲ್ಲ, ಮುನಿಸಲ್ಲ ಎಂದು ವಿವರಿಸುತ್ತೇವೆ. ಆ ಒಂದು ಮಾತು ತಡವಾದ್ದರಿಂದ ಆ ತಾಯಿ ಒಂದು ತಿಂಗಳು ಏನು ಅನುಭವಿಸಿದರು ಎಂಬುದು ಯಾವ ಪರೀಕ್ಷೆಯ ಹಾಳೆಯಲ್ಲೂ ಬರುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಪ್ರತಿಯೊಬ್ಬರಲ್ಲೂ ಕೇಳುತ್ತೇವೆ: ನಿಮ್ಮ ಕೆಲಸದಲ್ಲಿ ತಪ್ಪನ್ನು ಹೇಗೆ ಪತ್ತೆ ಹಚ್ಚುತ್ತಿದ್ದಿರಿ? ಲೆಕ್ಕ ಬರೆಯುವವರಿಗೆ ಮೊತ್ತ ಕೂಡಿಬರದಿರುವುದು, ಹೊಲಿಯುವವರಿಗೆ ಎರಡು ತೋಳು ಸಮನಾಗದಿರುವುದು. ಕಣ್ಣು ಸುಳ್ಳು ಹೇಳುತ್ತಿರುವಾಗ ಅದನ್ನು ಪ್ರಶ್ನಿಸುವ ಇನ್ನೊಂದು ಸಾಕ್ಷಿ ಬೇಕು. ಅದು ಆ ವ್ಯಕ್ತಿ ತಾನೇ ನಂಬುವ ಸಾಕ್ಷಿಯಾಗಿರಬೇಕು.

ಒಂದು ವರ್ಷದ ನಂತರ

ಕೊನೆಯ ಭೇಟಿಗೆ ಬಂದಾಗ ಕ ಅವರು ಒಂದು ಕರಡು ತಂದಿದ್ದರು. ಹೊರಗಿನವರ ಕೆಲಸವನ್ನು ಮತ್ತೆ ಒಪ್ಪಿಕೊಂಡಿರಲಿಲ್ಲ, ಇದು ಪತ್ನಿಯ ಜೊತೆ ಅಭ್ಯಾಸಕ್ಕೆ ಇಟ್ಟುಕೊಂಡದ್ದು. ತಿದ್ದುಪಡಿಗಳು ಈಗ ಎರಡೂ ಅಂಚುಗಳಲ್ಲಿದ್ದವು. ಪ್ರತಿ ಪುಟದ ಮೂಲೆಯಲ್ಲಿ ಸೀಸದಕಡ್ಡಿಯಿಂದ ಒಂದು ಸಂಖ್ಯೆ. ಪುಟದಲ್ಲಿ ಎಷ್ಟು ಸಾಲಿನ ಮೊದಲ ಅಕ್ಷರವನ್ನು ಬೆರಳಿಟ್ಟು ಮುಟ್ಟಿದೆ ಎಂಬ ಲೆಕ್ಕ ಅದು, ಸಾಲುಗಳ ಲೆಕ್ಕಕ್ಕೆ ತಾಳೆಯಾಗದಿದ್ದರೆ ಆ ಪುಟವನ್ನು ಮತ್ತೆ ಓದುತ್ತೇನೆ ಎಂದರು. ಹನ್ನೆರಡು ಪುಟಗಳಲ್ಲಿ ಒಂದರಲ್ಲಿ ಮಾತ್ರ ಲೆಕ್ಕ ತಪ್ಪಿತ್ತು, ಅದನ್ನು ಎರಡನೆಯ ಸಲ ಓದಿ ಪಕ್ಕದಲ್ಲಿ ಹೊತ್ತನ್ನೂ ಬರೆದಿದ್ದರು: ಸಂಜೆ ಆರೂವರೆ. ಪತ್ನಿ ಅವರ ಎಡಗಡೆಯ ಕುರ್ಚಿಯಲ್ಲಿ ಕುಳಿತಿದ್ದರು. ಮಾತಿನ ನಡುವೆ ಅವರು ಏನೋ ಹೇಳಿದಾಗ ಕ ಅವರ ಮುಖ ಮೊದಲು ನನ್ನತ್ತ ಬಂತು, ಒಂದು ಕ್ಷಣ ತಡೆಯಿತು, ಆಮೇಲೆ ಎಡಕ್ಕೆ ತಿರುಗಿತು.